ಪಾದ ಮುಟ್ಟಿಸಿಕೊಳ್ಳುವ ದೇವರು: ಪಂಢರಪುರಕ್ಕೆ ಹೊರಡುವ ಮುನ್ನ

ತಿರುಪತಿಯಲ್ಲಿ ತಿಮ್ಮಪ್ಪನನ್ನು ದೂರದಿಂದಲೇ ಕಣ್ತುಂಬಿಕೊಳ್ಳುವಷ್ಟರಲ್ಲಿ ‘ಜರಗಂಡಿ’ ಅನ್ನಿಸಿಕೊಂಡು ಹೊರಬೀಳುತ್ತೇವೆ. ಉಡುಪಿಯ ಕೃಷ್ಣ ಕಿಂಡಿಯಾಚೆ ಇದ್ದಾನೆ. ಪಂಢರಪುರದ ವಿಠ್ಠಲನ ರೀತಿಯೇ ಬೇರೆ. ಗರ್ಭಗುಡಿಯೊಳಕ್ಕೇ ಹೋಗಿ, ಇಟ್ಟಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತವನ ಪಾದಕ್ಕೆ ನೀವೇ ಹಣೆ ಹಚ್ಚಬಹುದು. ಮಡಿ ಉಡಬೇಕಿಲ್ಲ, ಗೋತ್ರ ಹೇಳಬೇಕಿಲ್ಲ. ಇದಕ್ಕೆ ‘ಪದಸ್ಪರ್ಶ ದರ್ಶನ’ ಅನ್ನುತ್ತಾರೆ. ಅದರ ಉದ್ದ ಸಾಲಿನಲ್ಲಿ ನಿಲ್ಲಲಾರದವರಿಗೆ, ತುಸು ದೂರದಿಂದ ನೋಡಿ ಬರುವ ‘ಮುಖದರ್ಶನ’ದ ಸಾಲು ಬೇರೆ ಇದೆ. ಎರಡರಲ್ಲಿ ಯಾವುದು ಬೇಕು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡರೆ, ಯಾವ ದಿನ ಹೋಗಬೇಕು, ಎಷ್ಟು ದಿನ ಇರಬೇಕು ಎಂಬುದಕ್ಕೆಲ್ಲ ಉತ್ತರ ತಾನಾಗಿ ಸಿಗುತ್ತದೆ.

ಮೊದಲು ಪಂಚಾಂಗ ನೋಡಿ. ಆಷಾಢ ಶುದ್ಧ ಏಕಾದಶಿಗೆ ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಾಲಖಿಗಳು ಮೂರು ವಾರದ ಹಾದಿ ನಡೆದು ಬರುತ್ತವೆ. ‘ವಾರಿ’ ಎಂಬ ಈ ಯಾತ್ರೆಗೆ ಲಕ್ಷಗಟ್ಟಲೆ ವಾರಕರಿಗಳು ಸೇರುತ್ತಾರೆ, ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಪದಸ್ಪರ್ಶದ ಸಾಲು ಗುಡಿಯ ಬೀದಿಗಳನ್ನು ದಾಟಿ ಗೋಪಾಳಪುರದ ಕಡೆಗೆ ಮೈಲಿಗಟ್ಟಲೆ ಬೆಳೆಯುತ್ತದೆ. ಅದೆಷ್ಟೋ ವಾರಕರಿಗಳು ಶಿಖರಕ್ಕೆ ಕೈಮುಗಿದು, ಚಂದ್ರಭಾಗೆ ಹೊಳೆಯಲ್ಲಿ ಮಿಂದು, ವಾರಿ ಮುಗಿಯಿತೆಂದು ತೃಪ್ತಿಯಿಂದ ಊರಿಗೆ ತಿರುಗುತ್ತಾರೆ. ಆ ಸಡಗರ ನೋಡಬೇಕೆಂದಿದ್ದರೆ ಆಷಾಢದಲ್ಲೇ ಹೋಗಿ, ಆದರೆ ಪಾದ ಮುಟ್ಟುವ ಆಸೆ ಬಿಟ್ಟು ಹೋಗಿ. ಕಾರ್ತಿಕ, ಮಾಘ, ಚೈತ್ರದ ಶುದ್ಧ ಏಕಾದಶಿಗಳೂ ದೊಡ್ಡ ವಾರಿಗಳೇ. ವಯಸ್ಸಾದವರನ್ನು ಕರೆದೊಯ್ಯುವವರು ಏಕಾದಶಿ, ಶನಿವಾರ, ಭಾನುವಾರ ಮೂರನ್ನೂ ತಪ್ಪಿಸಿ, ನಡುವಾರದ ಒಂದು ದಿನ ಹಿಡಿಯಬೇಕು.

ಆಷಾಢದ ಆ ದಿನಗಳಲ್ಲಿ ದೇವರಿಗೂ ನಿದ್ದೆಯಿಲ್ಲ. ಅವನು ಮಲಗುವ ಕೋಣೆಯಾದ ಶೇಜಘರದ ಮಂಚವನ್ನು ತೆಗೆದಿಡುತ್ತಾರೆ, ಒರಗಿಕೊಳ್ಳಲೆಂದು ಬೆನ್ನಿಗೆ ಲೋಡು ಕೊಡುತ್ತಾರೆ, ಗುಡಿ ಹಗಲೂ ರಾತ್ರಿ ತೆರೆದೇ ಇರುತ್ತದೆ. ಜನ ಕರಗಿದ ಮೇಲೆ ಪ್ರಕ್ಷಾಳ ಪೂಜೆ. ನಿಂತು ದಣಿದ ಕಾಲಿಗೆ ನಿಂಬೆರಸ, ಸಕ್ಕರೆ ಹಚ್ಚಿ ತಿಕ್ಕಿ, ಬಿಸಿನೀರಿನ ಸ್ನಾನ ಮಾಡಿಸುತ್ತಾರೆ. ರಾತ್ರಿ ಮಸಾಲೆ ಹಾಕಿದ ಕಷಾಯದ ನೈವೇದ್ಯ. ಆಮೇಲೆ ಮಂಚ ಮತ್ತೆ ಒಳಗೆ ಬರುತ್ತದೆ. ದೇವರ ಮೈಕೈ ನೋವನ್ನು ಇಷ್ಟು ಸಲೀಸಾಗಿ ನಂಬುವ ಊರು ಇನ್ನೊಂದಿದ್ದರೆ ನನಗೆ ಗೊತ್ತಿಲ್ಲ.

ಮುಟ್ಟಿಸಿಕೊಂಡದ್ದಕ್ಕೆ ವಿಗ್ರಹವೂ ಬೆಲೆ ತೆತ್ತಿದೆ. ಪಾದಗಳು ಸವೆದಿವೆ. ಸವೆತ ತಡೆಯಲೆಂದು ಹಲವು ಸಲ ವಜ್ರಲೇಪ ಮಾಡಿದ್ದಾರೆ. 2024ರ ಬೇಸಿಗೆಯಲ್ಲಿ ಗುಡಿಯ ಜೀರ್ಣೋದ್ಧಾರಕ್ಕಾಗಿ ಪದಸ್ಪರ್ಶವನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ನಿಲ್ಲಿಸಿ, ಮುಖದರ್ಶನಕ್ಕಷ್ಟೇ ಬಿಟ್ಟಿದ್ದರು. ಹೀಗಾಗಿ ಟಿಕೆಟ್ ತೆಗೆಸುವ ಮುಂಚೆ ಮಂದಿರ ಸಮಿತಿಯ ಪ್ರಕಟಣೆ ನೋಡಿಕೊಳ್ಳುವುದು ಒಳ್ಳೆಯದು. ಸಮಿತಿಯ ಭಕ್ತನಿವಾಸವಿದೆ, ಮಠಗಳು, ಧರ್ಮಶಾಲೆಗಳು ಬೇಕಾದಷ್ಟಿವೆ. ವಾರಿಯ ದಿನಗಳ ಹೊರತು ಉಳಿಯುವುದೊಂದು ಸಮಸ್ಯೆಯೇ ಅಲ್ಲ.

ಹಳಬರ ಕ್ರಮ ಹೀಗೆ: ಮೊದಲು ಚಂದ್ರಭಾಗೆ, ಆಮೇಲೆ ಪುಂಡಲೀಕ, ಆಮೇಲೆ ವಿಠ್ಠಲ, ಕಡೆಗೆ ರುಕ್ಮಿಣಿ. ನಮ್ಮ ಭೀಮೆಯೇ ಇಲ್ಲಿ ಅರ್ಧಚಂದ್ರದಂತೆ ತಿರುಗಿ ಚಂದ್ರಭಾಗೆಯಾಗುತ್ತಾಳೆ. ತಂದೆತಾಯಿಯ ಸೇವೆ ಮುಗಿಯುವ ತನಕ ನಿಂತಿರು ಎಂದು ದೇವರಿಗೇ ಇಟ್ಟಿಗೆ ಎಸೆದ ಪುಂಡಲೀಕನ ಗುಡಿ ನದಿಯ ಪಾತ್ರದಲ್ಲೇ ಇದೆ. ಮಳೆಗಾಲದಲ್ಲಿ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ಮುಳುಗುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿರುತ್ತದೆ, ನೀರು ಕೊಳಕು. ಭಕ್ತಿಗೆ ಕುಂದಾಗಬಾರದೆಂದು ಇದನ್ನು ಯಾರೂ ಹೇಳುವುದಿಲ್ಲ. ಮೊಣಕಾಲು ತನಕ ಇಳಿದು ತಲೆಗೆ ಪ್ರೋಕ್ಷಿಸಿಕೊಂಡರೂ ನಡೆಯುತ್ತದೆ.

ಸಾಲಿಗೆ ಸೇರುವ ಮುನ್ನ ಮಹಾದ್ವಾರದಲ್ಲಿ ಒಂದು ಗಳಿಗೆ ನಿಲ್ಲಿ. ಅಲ್ಲಿನ ಮೊದಲ ಮೆಟ್ಟಿಲು ‘ನಾಮದೇವ ಪಾಯರಿ’. ಸಂತರ ಪಾದಧೂಳಿ ತನ್ನ ಮೇಲೆ ಬೀಳಲೆಂದು ನಾಮದೇವರು ಬೇಡಿದ ಜಾಗ. ಜನ ಅದನ್ನು ತುಳಿಯದೆ ಹಣೆ ಮುಟ್ಟಿಸುತ್ತಾರೆ. ಎದುರಿಗೇ ಚೋಖಾಮೇಳನ ಸಮಾಧಿ. ಮಹಾರ ಜಾತಿಯಲ್ಲಿ ಹುಟ್ಟಿದ ಆ ಸಂತನಿಗೆ ಬದುಕಿದ್ದಷ್ಟು ಕಾಲ ಒಳಗೆ ಪ್ರವೇಶವಿರಲಿಲ್ಲ. ಅವನ ಜನಕ್ಕೆ ಬಾಗಿಲು ತೆರೆಯಲು 1947ರ ಮೇ ತಿಂಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿ ಇದೇ ಊರಿನಲ್ಲಿ ಉಪವಾಸ ಕೂರಬೇಕಾಯಿತು. ಪೂಜೆಯ ಹಕ್ಕಿನದು ಇನ್ನೊಂದು ಜಗಳ. ಬಡವೆ, ಉತ್ಪಾತ ಮನೆತನಗಳ ವಂಶಪಾರಂಪರ್ಯದ ಹಕ್ಕನ್ನು ತೆಗೆಯುವ ಕಾನೂನು 1973ರಲ್ಲೇ ಬಂತು. ಸುಪ್ರೀಂ ಕೋರ್ಟು ಅದಕ್ಕೆ ಕೊನೆಯ ಮುದ್ರೆ ಒತ್ತಿದ್ದು 2014ರ ಜನವರಿಯಲ್ಲಿ. ಮಡಿ, ಗೋತ್ರ ಬೇಕಿಲ್ಲವೆಂದು ನಾನು ಮೇಲೆ ಸುಲಭವಾಗಿ ಬರೆದುಬಿಟ್ಟ ಮಾತಿನ ಹಿಂದೆ ಇಷ್ಟು ಕಥೆಯಿದೆ.

ಒಳಗೆ ಹದಿನಾರು ಕಂಬದ ‘ಸೋಳಾಖಾಂಬಿ’ ಮಂಟಪ. ಬೆಳ್ಳಿ ತಗಡು ಹೊದಿಸಿದ ಗರುಡಗಂಬವನ್ನು ಬಂದವರೆಲ್ಲ ತಬ್ಬಿಕೊಳ್ಳುತ್ತಾರೆ. ಪುರಂದರದಾಸರನ್ನು ಬಳೆ ಕದ್ದ ಆರೋಪದ ಮೇಲೆ ಕಂಬಕ್ಕೆ ಕಟ್ಟಿ ಹೊಡೆದರೆಂಬ ಕಥೆಯೂ ಇದೇ ಗುಡಿಯದು. ಹೊಯ್ಸಳ ಸೋಮೇಶ್ವರ ವಿಠ್ಠಲನ ನೈವೇದ್ಯಕ್ಕೆ ಊರೊಂದನ್ನು ಬಿಟ್ಟುಕೊಟ್ಟ 1237ರ ಶಾಸನ ಇಲ್ಲಿನ ತೊಲೆಯ ಮೇಲಿದೆ. ಸಾಲಿನ ನೂಕುನುಗ್ಗಲಿನಲ್ಲಿ ತಲೆಯೆತ್ತಿ ಅದನ್ನು ಹುಡುಕುವ ವ್ಯವಧಾನ ಯಾರಿಗೂ ಇರುವುದಿಲ್ಲ, ಅದು ಬೇರೆ ಮಾತು. ಪಾದದ ಬಳಿ ಸಿಗುವುದು ಒಂದೆರಡು ಕ್ಷಣ. ಬಗ್ಗಿ ಹಣೆ ಹಚ್ಚುವಷ್ಟರಲ್ಲಿ ಭುಜದ ಮೇಲೆ ಕೈ ಬೀಳುತ್ತದೆ. ಕೈಯಲ್ಲಿ ಹೂವು, ತೆಂಗಿನಕಾಯಿ, ಚೀಲ ಇಟ್ಟುಕೊಂಡವರು ಅದನ್ನು ಸಂಭಾಳಿಸುವುದರಲ್ಲೇ ಆ ಕ್ಷಣ ಕಳೆದುಕೊಳ್ಳುತ್ತಾರೆ. ಒಂದು ತುಳಸಿಮಾಲೆ ಸಾಕು. ಫೋನು ಕೋಣೆಯಲ್ಲೇ ಇರಲಿ.

ಹೊರಬಂದ ಮೇಲೆ ಅಂಗಡಿ ಸಾಲು: ಹಣೆಗೆ ಹಚ್ಚುವ ಕಪ್ಪು ಬುಕ್ಕಾ, ಕುಂಕುಮ, ತಾಳ, ಏಕತಾರಿ, ಪ್ರಸಾದಕ್ಕೆ ಚುರುಮುರಿ, ಪುಟಾಣಿ, ಬತ್ತಾಸು. ಎದುರು ಸಿಕ್ಕವರನ್ನು ‘ಮಾವುಲಿ’ (ತಾಯಿ) ಎಂದು ಕರೆದರೆ ಸಾಕು, ಮರಾಠಿ ಬಾರದವರಿಗೂ ದಾರಿ ಸಿಗುತ್ತದೆ.

ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ, ವಿಜಯಪುರದ ಮೇಲೆ ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಈಗ ಸೊಲ್ಲಾಪುರ ದಾಟಿ ಪಂಢರಪುರದ ತನಕ ಓಡುತ್ತದೆ. ಆದರೂ ವಿಜಯಪುರದಿಂದ ರಸ್ತೆಯ ಹಾದಿ ಹಿಡಿಯುವವರಿಗೆ ಒಂದು ಲಾಭವುಂಟು. ಪಂಢರಪುರಕ್ಕೆ ಇನ್ನು ಇಪ್ಪತ್ತೈದು ಕಿಲೋಮೀಟರಿನಷ್ಟು ಇರುವಾಗ ಮಂಗಳವೇಢೆ ಸಿಗುತ್ತದೆ. ಬಿಜ್ಜಳನ ರಾಜಧಾನಿ ಕಲ್ಯಾಣಕ್ಕೆ ಹೋಗುವ ಮುಂಚೆ ಬಸವಣ್ಣನವರು ಕರಣಿಕರಾಗಿದ್ದ ಊರು ಇದು. ಬರಗಾಲದಲ್ಲಿ ಸುಲ್ತಾನನ ಕಣಜ ತೆರೆದು ಹಸಿದವರಿಗೆ ಹಂಚಿದನೆಂಬ ದಾಮಾಜಿಪಂತನ ಗುಡಿ ಇಲ್ಲಿದೆ. ಚೋಖಾಮೇಳ ಗೋಡೆ ಕಟ್ಟುವ ಕೂಲಿಯಲ್ಲಿದ್ದಾಗ ಅದು ಕುಸಿದು ಸತ್ತದ್ದೂ ಇಲ್ಲೇ. ನಾಮದೇವರು ಅವನ ಎಲುಬು ಆರಿಸಿ ಒಯ್ದು ಮಹಾದ್ವಾರದ ಎದುರು ಸಮಾಧಿ ಕಟ್ಟಿಸಿದರೆಂದು ಹೇಳುತ್ತಾರೆ. ಹೋಗುವಾಗ ಅರ್ಧ ದಿನ ಇಲ್ಲಿ ಇಳಿದು, ಸಂಜೆಯ ಬಸ್ಸಿಗೆ ಪಂಢರಪುರ ಸೇರಿ, ಬೆಳಗಿನ ಜಾವ ಕಾಕಡಾರತಿಯ ಹೊತ್ತಿಗೆ ಸಾಲು ಹಿಡಿಯಬಹುದು.