ಈಜುಕೊಳಕ್ಕೆ ಮರುಬಣ್ಣ: ಸ್ವಪ್ರಯತ್ನದ ಕ್ರಮ ಮತ್ತು ಎಚ್ಚರ

ವಿದ್ಯಾಸಂಸ್ಥೆಯೊಂದರ ಆವರಣದಲ್ಲಿ ಈಜುಕೊಳ ಸಿದ್ಧವಾದ ದಿನ ಎಲ್ಲರಿಗೂ ಸಂಭ್ರಮ. ದಾನಿಗಳ ಹೆಸರು ಕಲ್ಲಿನಲ್ಲಿ ಮೂಡುತ್ತದೆ. ಮಕ್ಕಳು ನೀರಿಗಿಳಿದು ನಲಿಯುತ್ತಾರೆ. ಆದರೆ ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಕೊಳದ ಒಳಮೈಯ ಬಣ್ಣ ಮಾಸಿ, ಅಲ್ಲಲ್ಲಿ ಗುಳ್ಳೆಯೆದ್ದು, ಹಕ್ಕಳೆ ಹಕ್ಕಳೆಯಾಗಿ ಕಳಚತೊಡಗುತ್ತದೆ. ಕಳಚಿದೆಡೆಯಲ್ಲಿ ಪಾಚಿ ಕಟ್ಟುತ್ತದೆ. ಒರಟು ಕಾಂಕ್ರೀಟು ಈಜುವವರ ಮಂಡಿ ಮೊಣಕೈಗಳನ್ನು ತರಚುತ್ತದೆ. ಆಗ ಮರುಬಣ್ಣದ ಮಾತು ಏಳುತ್ತದೆ. ಗುತ್ತಿಗೆಗೆ ಕೊಟ್ಟರೆ ವೆಚ್ಚ ಅಧಿಕವೆಂದು, ಸಂಸ್ಥೆಯ ಸಿಬ್ಬಂದಿಯಿಂದಲೇ ಈ ಕೆಲಸ ಆದೀತೆ ಎಂದು ಆಡಳಿತ ಮಂಡಳಿಯವರು ಯೋಚಿಸುವುದು ಸಹಜ.

ಖಂಡಿತವಾಗಿ ಆದೀತು. ಆದರೆ ಬಣ್ಣ ಬಳಿಯುವುದು ಈ ಕಾರ್ಯದ ಕೊನೆಯ ಹಾಗೂ ಅತಿ ಸುಲಭದ ಭಾಗವೆಂಬುದನ್ನು ಮೊದಲೇ ಅರಿತಿರತಕ್ಕದ್ದು. ಬಣ್ಣ ಬಾಳುವುದು ಅದರ ಕೆಳಗಿನ ಮೈಯನ್ನು ಹದಗೊಳಿಸಿದ ಬಗೆಯಿಂದ. ಕೆಲಸ ನಿರ್ವಿಘ್ನವಾಗಿ ಮುಗಿಯುವುದು ಖಾಲಿ ಕೊಳದ ಅಪಾಯಗಳನ್ನು ಬಲ್ಲವರಿಂದ.

ಕಾಲದ ಆಯ್ಕೆ

ತುಂಬಿದ ಕೊಳದಲ್ಲಿರುವಂತೆ ಖಾಲಿ ಕೊಳದಲ್ಲಿಯೂ ಅಪಾಯವುಂಟೆಂದರೆ ಹಲವರಿಗೆ ಅಚ್ಚರಿಯಾದೀತು. ನೆಲದೊಳಗೆ ಕಟ್ಟಿದ ಕಾಂಕ್ರೀಟು ಕೊಳ ಒಂದು ದೋಣಿಯಿದ್ದಂತೆ. ಸುತ್ತಲಿನ ಮಣ್ಣಿನಲ್ಲಿ ಅಂತರ್ಜಲ ಏರಿದಾಗ ಅದು ಕೊಳದ ತಳವನ್ನು ಮೇಲಕ್ಕೆ ಒತ್ತುತ್ತದೆ. ಕೊಳ ತುಂಬಿರುವಾಗ ಒಳಗಿನ ನೀರಿನ ಭಾರ ಈ ಒತ್ತಡವನ್ನು ತಡೆದಿರುತ್ತದೆ. ನೀರು ತೆಗೆದೊಡನೆ ಆ ತಡೆ ಇಲ್ಲವಾಗುತ್ತದೆ.

ಲೆಕ್ಕವನ್ನು ಹೀಗೆ ನೋಡಬಹುದು. ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋಗ್ರಾಂ. ಅಷ್ಟೇ ಗಾತ್ರದ ಕಾಂಕ್ರೀಟಿನ ತೂಕ ಸುಮಾರು 2400 ಕಿಲೋಗ್ರಾಂ. ಕೊಳದ ತಳ 20 ಸೆಂಟಿಮೀಟರ್ ದಪ್ಪವಿದ್ದರೆ ಅದರ ಪ್ರತಿ ಚದರ ಮೀಟರಿನ ತೂಕ 480 ಕಿಲೋಗ್ರಾಂ ಆಯಿತು. ಆ ತಳದ ಅಡಿಯಿಂದ ಕೇವಲ 48 ಸೆಂಟಿಮೀಟರ್ ಎತ್ತರಕ್ಕೆ ಅಂತರ್ಜಲ ನಿಂತರೆ ಮೇಲ್ಮುಖವಾದ ಒತ್ತಡವೂ ಅಷ್ಟೇ ಆಗುತ್ತದೆ. ಗೋಡೆಗಳ ಭಾರವೂ ಮಣ್ಣಿನ ಹಿಡಿತವೂ ಸ್ವಲ್ಪ ನೆರವಾಗುವುವು, ನಿಜ. ಆದರೆ ನೀರು ಇನ್ನೂ ಏರಿದರೆ ತಳ ಬಿರುಕು ಬಿಡಬಹುದು. ಇಡೀ ಕೊಳವೇ ನೆಲದಿಂದ ಮೇಲೆದ್ದು ಕೊಳವೆಗಳು ಮುರಿಯಲೂಬಹುದು.

ಆದುದರಿಂದ ಮಳೆಗಾಲದಲ್ಲಿ ಕೊಳವನ್ನು ಬರಿದು ಮಾಡಲಾಗದು. ಕರ್ನಾಟಕದ ಒಳನಾಡಿನಲ್ಲಿ ಮುಂಗಾರು ಹಿಂಗಾರುಗಳೆರಡೂ ಕಳೆದ ಮೇಲೆ, ಜನವರಿಯಿಂದ ಮಾರ್ಚಿಯವರೆಗಿನ ಒಣ ದಿನಗಳು ಈ ಕೆಲಸಕ್ಕೆ ಪ್ರಶಸ್ತವಾದವು. ಹತ್ತಿರದ ತೆರೆದ ಬಾವಿಯ ನೀರಿನ ಮಟ್ಟ ಅಂತರ್ಜಲದ ಸ್ಥಿತಿಯನ್ನು ಸೂಚಿಸುತ್ತದೆ. ನಾಲೆ ನೀರಾವರಿಯ ಪ್ರದೇಶಗಳಲ್ಲಿ ಬೇಸಿಗೆಯಲ್ಲಿಯೂ ಅಂತರ್ಜಲ ಮೇಲಿರುವುದುಂಟು. ಅಲ್ಲಿ ಎಂಜಿನಿಯರರನ್ನು ಕೇಳದೆ ಮುಂದುವರಿಯಬಾರದು. ಬರಿದಾದ ಕೊಳದ ಸುತ್ತ ಬೇಲಿ ಕಟ್ಟಿಸುವುದೂ ಮೊದಲ ದಿನದ ಕೆಲಸವೇ. ಎರಡು ಮೀಟರ್ ಆಳದ ಗಟ್ಟಿ ನೆಲಕ್ಕೆ ಬಿದ್ದ ಮಗುವಿಗೆ ಆಗುವ ಪೆಟ್ಟು ಸಣ್ಣದಲ್ಲ.

ಹಳೆಯ ಬಣ್ಣದ ಪರೀಕ್ಷೆ

ಈಜುಕೊಳದ ಬಣ್ಣಗಳಲ್ಲಿ ಮುಖ್ಯವಾದವು ಮೂರು. ಎಪಾಕ್ಸಿ ಎಂಬುದು ಎರಡು ದ್ರವ್ಯಗಳನ್ನು ಬೆರೆಸಿ ಬಳಿಯುವ ಬಣ್ಣ. ಮೂರರಲ್ಲಿ ಹೆಚ್ಚು ಗಟ್ಟಿ, ಬಾಳಿಕೆಯೂ ಹೆಚ್ಚು. ಎರಡನೆಯದು ಕ್ಲೋರಿನೇಟೆಡ್ ರಬ್ಬರ್ ಬಣ್ಣ. ಇದರ ಬಾಳಿಕೆ ಮಧ್ಯಮ. ಮೂರನೆಯದು ನೀರಿನಲ್ಲಿ ಕದಡುವ ಅಕ್ರಿಲಿಕ್. ಬಳಿಯಲು ಸುಲಭ, ಆದರೆ ಬೇಗನೆ ಸವೆಯುವಂಥದು. ರಬ್ಬರ್ ಬಣ್ಣದ ಮೂಲದ್ರವ್ಯವನ್ನು ತಯಾರಿಸುವಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಬಳಕೆಯಲ್ಲಿತ್ತು. ಅದು ಓಜೋನ್ ಪದರಕ್ಕೆ ಹಾನಿಕರವಾದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ ಸೇರಿತು. ಹಿಂದೆ ಹೇರಳವಾಗಿದ್ದ ಈ ಬಣ್ಣದ ಬಳಕೆ ಕುಗ್ಗಿದ್ದಕ್ಕೆ ಇದೂ ಒಂದು ಕಾರಣ.

ಈ ಮೂರು ಬಣ್ಣಗಳೂ ಒಂದರ ಮೇಲೊಂದು ಹೊಂದುವುದಿಲ್ಲವೆಂಬುದೇ ಮುಖ್ಯ ತೊಡಕು. ರಬ್ಬರ್ ಬಣ್ಣದ ಮೇಲೆ ಎಪಾಕ್ಸಿ ಬಳಿದರೆ ಅದರಲ್ಲಿನ ದ್ರಾವಕ ಕೆಳಗಿನ ಪದರವನ್ನು ಮೆತ್ತಗಾಗಿಸಿ ಎಬ್ಬಿಸುತ್ತದೆ. ಆದುದರಿಂದ ಹಳೆಯ ಬಣ್ಣ ಯಾವ ಜಾತಿಯದೆಂದು ಮೊದಲು ತಿಳಿಯಬೇಕು. ಒಂದು ಹಕ್ಕಳೆಯನ್ನು ಕಿತ್ತು ಮೆಥಿಲೇಟೆಡ್ ಸ್ಪಿರಿಟ್‌ನಲ್ಲಿ ಹಾಕಿದಾಗ ಅದು ಕರಗತೊಡಗಿದರೆ ಅಕ್ರಿಲಿಕ್. ಸ್ಪಿರಿಟ್‌ಗೆ ಕರಗದೆ ಜೈಲೀನ್ ದ್ರಾವಕದಲ್ಲಿ ಮೆತ್ತಗಾದರೆ ರಬ್ಬರ್. ಎರಡಕ್ಕೂ ಜಗ್ಗದಿದ್ದರೆ ಎಪಾಕ್ಸಿ. ಎಪಾಕ್ಸಿಯ ಮೇಲೆ ಎಪಾಕ್ಸಿಯನ್ನೂ, ರಬ್ಬರಿನ ಮೇಲೆ ರಬ್ಬರನ್ನೂ ಬಳಿಯುವುದು ಕ್ಷೇಮ. ಜಾತಿ ಬದಲಿಸಬೇಕೆಂದರೆ ಹಳೆಯದನ್ನು ಪೂರ್ತಿಯಾಗಿ ಕೆರೆದು ಕಾಂಕ್ರೀಟಿನ ಬರಿಮೈಗೆ ಬರಬೇಕು.

ಮೈ ಹದಗೊಳಿಸುವುದು

ಸಡಿಲವಾದ ಬಣ್ಣವನ್ನೆಲ್ಲ ಕೆರೆದು ತೆಗೆಯಬೇಕು. ಗಟ್ಟಿಯಾಗಿ ನಿಂತ ಬಣ್ಣದ ಹೊಳಪು ಹೋಗುವಂತೆ ಉಜ್ಜುಕಾಗದದಿಂದ ಉಜ್ಜಬೇಕು. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಹೊಸ ಗಿಲಾವನ್ನು 28 ದಿನ ಬಿಡಬೇಕು. ಈಜುವವರ ಮೈಯೆಣ್ಣೆ ಗೋಡೆಗೆ ಅಂಟಿರುತ್ತದೆ. ಅದನ್ನು ಸೋಪಿನ ಪುಡಿಯ ನೀರಿನಿಂದ ತಿಕ್ಕಿ ತೊಳೆಯದಿದ್ದರೆ ಬಣ್ಣ ಹಿಡಿಯಲಾರದು.

ಕಾಂಕ್ರೀಟಿನ ಬರಿಮೈ ನುಣುಪಾಗಿದ್ದರೆ ಅದನ್ನು ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಿಂದ ತುಸು ಒರಟು ಮಾಡಬೇಕಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಮೂರು ಪಾಲು ನೀರು ಹಾಕಿ, ಅದಕ್ಕೆ ಒಂದು ಪಾಲು ಆಮ್ಲವನ್ನು ನಿಧಾನವಾಗಿ ಸುರಿಯಬೇಕು. ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಕೂಡದು. ಹಾಗೆ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ, ರಬ್ಬರ್ ಬೂಟುಗಳಿಲ್ಲದೆ ಯಾರೂ ಇದನ್ನು ಮುಟ್ಟಬಾರದು. ನೊರೆ ಅಡಗಿದ ಮೇಲೆ ಧಾರಾಳ ನೀರಿನಿಂದ ತೊಳೆದು, ವಾಷಿಂಗ್ ಸೋಡಾದ ನೀರಿನಿಂದ ಉಳಿದ ಆಮ್ಲವನ್ನು ಶಮನಗೊಳಿಸಿ, ಮತ್ತೊಮ್ಮೆ ತೊಳೆಯತಕ್ಕದ್ದು. ಒಣಗಿದ ಮೈಯನ್ನು ಬೆರಳಿಂದ ಸವರಿದರೆ ಉಜ್ಜುಕಾಗದ ಮುಟ್ಟಿದಂತಿರಬೇಕು.

ಇನ್ನು ಒಣಗುವಿಕೆ. ಕಾಂಕ್ರೀಟು ಮೇಲುನೋಟಕ್ಕೆ ಒಣಗಿದಂತಿದ್ದರೂ ಒಳಗೆ ತೇವ ಉಳಿದಿರುತ್ತದೆ. ಬಿಸಿಲಿಗೆ ಆ ತೇವ ಆವಿಯಾಗಿ ಹೊರಟಾಗ ಬಣ್ಣದಡಿ ಗುಳ್ಳೆಗಳೇಳುತ್ತವೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕೊಳದ ಅತಿ ಆಳದ ಭಾಗದಲ್ಲಿ ನಾಲ್ಕೂ ಅಂಚುಗಳಿಗೆ ಟೇಪು ಅಂಟಿಸಿ 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಎಪಾಕ್ಸಿ, ರಬ್ಬರ್ ಬಣ್ಣಗಳಿಗೆ ಈ ಪರೀಕ್ಷೆ ತಪ್ಪಿಸಬಾರದು. ಅವಸರದಲ್ಲಿ ಕಳೆದುಕೊಳ್ಳುವುದು ಹಲವು ವರ್ಷಗಳ ಬಾಳಿಕೆಯನ್ನು.

ಬಣ್ಣದ ಲೆಕ್ಕ

12 ಮೀಟರ್ ಉದ್ದ, 6 ಮೀಟರ್ ಅಗಲ, ಒಂದು ತುದಿಯಲ್ಲಿ 1 ಮೀಟರ್ ಮತ್ತೊಂದು ತುದಿಯಲ್ಲಿ 2 ಮೀಟರ್ ಆಳವಿರುವ ಕೊಳವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತಳ 72 ಚದರ ಮೀಟರ್. ಸರಾಸರಿ ಒಂದೂವರೆ ಮೀಟರ್ ಆಳದಂತೆ ನಾಲ್ಕು ಗೋಡೆಗಳು ಸೇರಿ 54. ಒಟ್ಟು 126 ಚದರ ಮೀಟರ್. ಡಬ್ಬಿಯ ವಿವರಪತ್ರದಲ್ಲಿ ಬಣ್ಣದ ಘನಾಂಶ ಗಾತ್ರದಲ್ಲಿ ನೂರಕ್ಕೆ 50 ಎಂದಿದ್ದರೆ, ಒಣಗಿದ ಪದರ 100 ಮೈಕ್ರಾನ್ ದಪ್ಪ ನಿಲ್ಲಲು ಒಂದು ಲೀಟರ್ ಬಣ್ಣ 5 ಚದರ ಮೀಟರಿಗೆ ಮಾತ್ರ ಸಾಲುತ್ತದೆ. ಒಂದು ಲೇಪಕ್ಕೆ 25 ಲೀಟರಿಗೂ ತುಸು ಹೆಚ್ಚು, ಎರಡು ಲೇಪಗಳಿಗೆ 50 ಲೀಟರಿಗೂ ಹೆಚ್ಚು ಬೇಕಾಯಿತು. ಒರಟು ಮೈ ಇನ್ನಷ್ಟು ಕುಡಿಯುತ್ತದೆ. ಬಣ್ಣವನ್ನು ಥಿನ್ನರಿನಿಂದ ಅತಿಯಾಗಿ ತೆಳುಮಾಡಿ ಉಳಿತಾಯ ಮಾಡಿದೆವೆಂದುಕೊಳ್ಳುವುದು ಬರಿಯ ಭ್ರಮೆ.

ಬಳಿಯುವ ಕ್ರಮ

ಬೆಳಗಿನ ಇಬ್ಬನಿ ಆರಿದ ಮೇಲೆ ಆರಂಭಿಸಿ, ಉರಿಬಿಸಿಲನ್ನು ತಪ್ಪಿಸಿ, ನೆರಳು ಸರಿದಂತೆ ಸರಿಯುತ್ತ ಬಳಿಯಬೇಕು. ಮೊದಲು ಗೋಡೆಗಳು, ಆಮೇಲೆ ಆಳದ ತುದಿಯಿಂದ ಆಳವಿಲ್ಲದ ತುದಿಯ ಕಡೆಗೆ ತಳ. ಮೂಲೆಗಳಿಗೆ ಬ್ರಷ್ಷು, ಬಯಲಿಗೆ ರೋಲರ್. ಎಪಾಕ್ಸಿಯ ಎರಡು ದ್ರವ್ಯಗಳನ್ನು ಹೇಳಿದ ಪ್ರಮಾಣದಲ್ಲಿಯೇ ಬೆರೆಸಿ, ಒಮ್ಮೆಗೆ ಬಳಿಯಲಾಗುವಷ್ಟನ್ನು ಮಾತ್ರ ಕಲಸಬೇಕು. ಉಳಿದದ್ದು ತನ್ನ ಬಿಸಿಯಿಂದಲೇ ಪಾತ್ರೆಯಲ್ಲಿ ಗಟ್ಟಿಯಾಗುತ್ತದೆ. ಎರಡನೆಯ ಲೇಪವನ್ನು ಡಬ್ಬಿಯ ಮೇಲೆ ಸೂಚಿಸಿದ ಅವಧಿಯೊಳಗೇ ಕೊಡಬೇಕು. ಅವಧಿ ಮೀರಿದರೆ ಮತ್ತೆ ಉಜ್ಜಬೇಕಾದೀತು. ಮೆಟ್ಟಿಲುಗಳಿಗೂ ಆಳವಿಲ್ಲದ ತಳಕ್ಕೂ ಬಳಿಯುವ ಬಣ್ಣದಲ್ಲಿ ನಯವಾದ ಮರಳು ಬೆರೆಸಿದರೆ ಕಾಲು ಜಾರುವುದಿಲ್ಲ.

ಯಾವ ಬಣ್ಣವೆಂಬುದು ಕೇವಲ ಅಂದದ ಪ್ರಶ್ನೆಯಲ್ಲ. ಮುಳುಗಿದ ಮಗು ತಳದಲ್ಲಿದ್ದರೆ ದಡದಲ್ಲಿ ನಿಂತವರಿಗೆ ಒಡನೆ ಕಾಣಬೇಕು. ಗಾಢ ನೀಲಿ, ಗಾಢ ಹಸಿರು ತಳಗಳಲ್ಲಿ ದೇಹದ ಆಕಾರ ಕಲೆತುಹೋಗುತ್ತದೆ. ಆದುದರಿಂದ ಬಿಳಿ ಅಥವಾ ತೀರ ತಿಳಿಯಾದ ನೀಲಿಯೇ ಶಾಲೆಯ ಕೊಳಕ್ಕೆ ತಕ್ಕದ್ದು. ಸ್ಪರ್ಧೆಯ ಪಥರೇಖೆಗಳು ಮಾತ್ರ ಗಾಢವಾಗಿರಲಿ. 2023ಕ್ಕೆ ಮೊದಲು ಫೀನಾ ಎಂದು ಕರೆಯಲ್ಪಡುತ್ತಿದ್ದ ವರ್ಲ್ಡ್ ಅಕ್ವಾಟಿಕ್ಸ್ ಸಂಸ್ಥೆಯ ನಿಯಮದಂತೆ ಇವುಗಳ ಅಗಲ 20ರಿಂದ 30 ಸೆಂಟಿಮೀಟರ್. ತುದಿಗೋಡೆಗೆ 2 ಮೀಟರ್ ಇರುವಾಗಲೇ ರೇಖೆ ಮುಗಿದು, ಅಲ್ಲಿ 1 ಮೀಟರ್ ಉದ್ದದ ಅಡ್ಡಗೆರೆ ಇರಬೇಕು.

ಕೊನೆಯ ಲೇಪದ ನಂತರ ಎಪಾಕ್ಸಿಗೆ ಕನಿಷ್ಠ ಒಂದು ವಾರ ಬಿಡುವು ಬೇಕು. ಬಳಿಕ ನೀರನ್ನು ನಡುವೆ ನಿಲ್ಲಿಸದೆ ತುಂಬಬೇಕು. ನೀರಿನ ಪಿಎಚ್ ಅಂಕ 7.2ರಿಂದ 7.8ರೊಳಗೆ ಇದ್ದರೆ ಬಣ್ಣ ಹುಡಿಯಾಗಿ ಉದುರುವುದು ಕಡಿಮೆ.

ಆವಿಯ ಅಪಾಯ

ಜೈಲೀನಿನಂಥ ದ್ರಾವಕಗಳ ಆವಿ ಗಾಳಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಭಾರ. ಅದು ಮೇಲೇರಿ ಚದರುವುದಿಲ್ಲ. ಕೊಳದ ಆಳದ ಭಾಗಕ್ಕೆ ಹರಿದು ಅಲ್ಲಿಯೇ ಮಡುಗಟ್ಟುತ್ತದೆ. ಬಗ್ಗಿ ಬಣ್ಣ ಬಳಿಯುವವನು ಉಸಿರಾಡುವುದೂ ಅಲ್ಲಿಯೇ. ತಲೆ ಸುತ್ತುತ್ತದೆ, ಎಚ್ಚರ ತಪ್ಪಬಹುದು. ಒಂದು ಬೀಡಿಯ ಕಿಡಿ ಸಾಕು, ಬೆಂಕಿ ಹತ್ತಲು. ಮೇಲುಗಡೆ ಬೀಸುಗಾಳಿಯಂತ್ರವನ್ನಿಟ್ಟು ಕೊಳವೆಯ ಮೂಲಕ ಆಳದವರೆಗೆ ಹೊಸ ಗಾಳಿಯನ್ನು ಹಾಯಿಸಬೇಕು. ಬಟ್ಟೆ ಕಟ್ಟಿಕೊಂಡರೆ ಆವಿ ನಿಲ್ಲದು. ಇದ್ದಿಲಿನ ಸೋಸುಕವಿರುವ ಮುಖವಾಡವೇ ಬೇಕು. ಒಬ್ಬನೇ ಇಳಿಯಕೂಡದು, ದಡದ ಮೇಲೆ ಒಬ್ಬ ಕಾವಲಿರಬೇಕು. ಕೆಳಗಿದ್ದವನು ಕುಸಿದರೆ ಕಾವಲಿನವನು ದುಡುಕಿ ಒಳಗೆ ಹಾರದೆ, ಮೊದಲು ಗಾಳಿ ಹಾಯುತ್ತಿದೆಯೇ ಎಂದು ನೋಡಿ ಜನರನ್ನು ಕೂಗಬೇಕು. ಹೀಗೆ ರಕ್ಷಿಸಲು ಇಳಿದವರೂ ಇಂಥ ಗುಂಡಿಗಳಲ್ಲಿ ಪ್ರಾಣ ತೆತ್ತದ್ದುಂಟು.

ಈ ಕಾರಣದಿಂದಲೇ ಶ್ರಮದಾನದ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಇಳಿಸುವುದು ಸಲ್ಲದು. ಆಮ್ಲವೂ ಎಪಾಕ್ಸಿಯೂ ಎಳೆಯರ ಕೈಗೆ ಕೊಡುವಂಥವಲ್ಲ. ಎಪಾಕ್ಸಿ ಚರ್ಮಕ್ಕೆ ತಾಗಿ ಒಮ್ಮೆ ಒಗ್ಗದ ಬೇನೆ ಹಿಡಿದರೆ ಅದು ಬಾಳಿನುದ್ದಕ್ಕೂ ಕಾಡಬಲ್ಲದು. ಮಕ್ಕಳ ಪಾಲಿಗೆ ಉಳಿಯುವ ಕೆಲಸ ಬೇರೆಯಿದೆ. ಕ್ಷೇತ್ರಫಲ ಅಳೆಯುವುದು, ಬಣ್ಣದ ಲೆಕ್ಕ ಹಾಕುವುದು, ತೇಲುವಿಕೆಯ ನಿಯಮವನ್ನು ಕೊಳದಲ್ಲೇ ಕಂಡುಕೊಳ್ಳುವುದು ಗಣಿತ ವಿಜ್ಞಾನಗಳ ಜೀವಂತ ಪಾಠಗಳು. ದಡದ ಮೇಲೆ, ಬೇಲಿಯ ಹೊರಗೆ ನಿಂತು ಅವರು ಇವನ್ನೆಲ್ಲ ಕಲಿಯಲಿ.

ದಾಖಲೆ

ಕೊನೆಯದಾಗಿ ಒಂದು ಮಾತು. ಯಾವ ಜಾತಿಯ ಬಣ್ಣ, ಎಷ್ಟು ಲೀಟರ್, ಎಷ್ಟು ಲೇಪ, ಯಾವ ದಿನಾಂಕ, ತೇವದ ಪರೀಕ್ಷೆಯ ಫಲಿತವೇನು ಎಂಬುದನ್ನು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಮರುಬಣ್ಣದ ಹೊತ್ತಿಗೆ ಮುಖ್ಯೋಪಾಧ್ಯಾಯರು ಬದಲಾಗಿರುತ್ತಾರೆ, ಕೆಲಸದವರೂ ಬದಲಾಗಿರುತ್ತಾರೆ. ಆ ಒಂದು ಪುಟವಿದ್ದರೆ ಮುಂದಿನವರು ಹಳೆಯ ಬಣ್ಣದ ಜಾತಿ ಹುಡುಕುತ್ತ ಕೂರಬೇಕಾಗಿಲ್ಲ. ದಾನಿಗಳು ಹೊಸ ಕಟ್ಟಡಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಅದರ ಪೋಷಣೆಗೂ ಮೀಸಲಾದರೆ, ಕಲ್ಲಿನಲ್ಲಿ ಕೆತ್ತಿದ ಹೆಸರಿನ ಕೆಳಗಿನ ಕೊಳವೂ ಅಷ್ಟೇ ಕಾಲ ಬಾಳೀತು.