ಸಂಸಾರಕ್ಕೊಂದು ಹಗುರವಾದ ಟ್ರೇಲರ್

ಅಮೆರಿಕೆಯಲ್ಲಿ ಬೇಸಗೆಯ ರಜೆ ಬಂದು ಶಾಲೆಗಳು ಮುಚ್ಚಿದವೆಂದರೆ, ಕಾರುಗಳು ತಮ್ಮ ಹಿಂದೆ ಎಳೆದೊಯ್ಯುವ ಪುಟ್ಟ ಮನೆಗಳು ಹೆದ್ದಾರಿಯ ಉದ್ದಕ್ಕೂ ಕಾಣತೊಡಗುತ್ತವೆ. ಒಲೆ, ಹಾಸಿಗೆ, ನೀರಿನ ತೊಟ್ಟಿ, ಶೌಚಗೃಹಗಳನ್ನೆಲ್ಲ ಎರಡು ಅಥವಾ ನಾಲ್ಕು ಗಾಲಿಗಳ ಮೇಲೆ ಅಡಕಮಾಡಿಕೊಂಡು, ಸ್ವಂತ ಎಂಜಿನ್ನಿಲ್ಲದೆ ಮುಂದಿನ ವಾಹನದ ಬಲವನ್ನೇ ಆಶ್ರಯಿಸಿ ನಡೆಯುವ ಈ ಚರಗೃಹವನ್ನು ಅಲ್ಲಿನವರು ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಆ ದೇಶದಲ್ಲಿ ನೆಲೆಸಿರುವ ನಮ್ಮವರಲ್ಲಿಯೂ ಇದಕ್ಕೆ ಆಸೆಪಡುವವರುಂಟು. ಅದು ಸಹಜವೇ ಸರಿ. ಯೆಲ್ಲೋಸ್ಟೋನಿನಂಥ ರಾಷ್ಟ್ರೀಯ ಉದ್ಯಾನದ ನಡುವೆ, ಪೈನ್ ಮರಗಳ ಕೆಳಗೆ, ಸಂಜೆಯ ಚಳಿಯಲ್ಲಿ ಬಿಸಿ ಅನ್ನಕ್ಕೆ ತಿಳಿಸಾರು ಬಡಿಸಿಕೊಂಡು ಉಣ್ಣುವ ಸುಖ ಅಲ್ಲಿಯ ಯಾವ ಹೋಟೆಲಿನಲ್ಲಿಯೂ ದುಡ್ಡು ಕೊಟ್ಟರೆ ದೊರೆಯತಕ್ಕದ್ದಲ್ಲ. ಆದರೆ ಕೊಳ್ಳಲೆಂದು ಹೊರಟವನಿಗೆ ಮೊದಲು ಎದುರಾಗುವುದು ‘ಲೈಟ್’, ‘ಅಲ್ಟ್ರಾಲೈಟ್’ ಎಂಬ ಬಿರುದುಗಳನ್ನು ಹೊತ್ತು ಸಾಲಾಗಿ ನಿಂತ ಟ್ರೇಲರುಗಳು. ಈ ಬಿರುದುಗಳಿಗೆ ಕಾನೂನಿನ ಅಳತೆ ಯಾವುದೂ ಇಲ್ಲವಾದ್ದರಿಂದ, ಮಾರುವವನು ಹಗುರವೆಂದುದೆಲ್ಲ ಹಗುರವೇ.

ಹಗುರತನದ ಹಂಬಲವೇನೋ ಹಳೆಯದು. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು ದಾಟಿದ ವಿಮಾನದ ನಿರ್ಮಾಣಕ್ಕೆ ಮೇಲ್ವಿಚಾರಕನಾಗಿದ್ದ ಹಾಲಿ ಬೋಲಸ್ ಎಂಬಾತನು, ಆಕಾಶದ ವಿದ್ಯೆಯನ್ನು ನೆಲಕ್ಕಿಳಿಸಿ, 1934ರಲ್ಲಿ ಅಲ್ಯೂಮಿನಿಯಮ್ ತಗಡುಗಳನ್ನು ರಿವೆಟ್ಟುಗಳಿಂದ ಬಿಗಿದ ಟ್ರೇಲರೊಂದನ್ನು ಹೊರತಂದನು. ಅದೇ ಜಾಡಿನಲ್ಲಿ 1936ರಲ್ಲಿ ವಾಲಿ ಬಯಮ್ ಹೊರಡಿಸಿದ ಕ್ಲಿಪ್ಪರ್‌ನಿಂದ ಏರ್‌ಸ್ಟ್ರೀಮಿನ ಬೆಳ್ಳಿಮೈಯ ಟ್ರೇಲರುಗಳ ವಂಶ ಬೆಳೆಯಿತು. ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೊ 1968ರಲ್ಲಿ ಮೊಟ್ಟೆಯ ಆಕಾರದ ಫೈಬರ್‌ಗ್ಲಾಸ್ ಟ್ರೇಲರನ್ನು ನಿರ್ಮಿಸಿ ‘ಬೋಲರ್’ ಎಂದು ಹೆಸರಿಟ್ಟನು. ಆತನು ಅದಕ್ಕೆ ಮುಂಚೆ ಅದೇ ಫೈಬರ್‌ಗ್ಲಾಸಿನಿಂದ ಸೆಪ್ಟಿಕ್ ಟ್ಯಾಂಕ್ ಮಾಡಿದ್ದವನು ಎಂಬುದನ್ನು ಶುಚಿತ್ವಪ್ರಿಯರು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಇಂದು ಈ ಉದ್ಯಮದ ರಾಜಧಾನಿ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್.

ಹಸ್ತಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ‘ಡ್ರೈ ವೆಯ್ಟ್’, ಅಂದರೆ ನೀರು, ಪಾತ್ರೆಪಡಗ, ಹೊದಿಕೆ, ಅಕ್ಕಿಬೇಳೆ ಯಾವುದನ್ನೂ ತುಂಬದ ಬರಿಯ ಗಾಡಿಯ ತೂಕ. ಆ ಸ್ಥಿತಿಯಲ್ಲಿ ಯಾವ ಸಂಸಾರವೂ ಪ್ರಯಾಣ ಹೊರಟದ್ದಿಲ್ಲ. ಅಲ್ಲಿ ಲೆಕ್ಕವೆಲ್ಲ ಪೌಂಡಿನಲ್ಲಿ. ಒಂದು ಪೌಂಡೆಂದರೆ ನಮ್ಮ 450 ಗ್ರಾಮಿಗಿಂತ ತುಸು ಹೆಚ್ಚು. ಒಂದು ಗ್ಯಾಲನ್ ನೀರು 8 ಪೌಂಡಿಗೂ ಮಿಕ್ಕು ತೂಗುವುದರಿಂದ 30 ಗ್ಯಾಲನ್ನಿನ ತೊಟ್ಟಿಯನ್ನು ತುಂಬಿದೊಡನೆಯೇ 250 ಪೌಂಡ್ ಏರುತ್ತದೆ. ಅದರ ಮೇಲೆ ಗ್ಯಾಸ್ ಸಿಲಿಂಡರ್, ಬ್ಯಾಟರಿ, ಕುಕ್ಕರು, ಮಡಿಸುವ ಕುರ್ಚಿಗಳು, ಮಕ್ಕಳ ಸೈಕಲ್ಲುಗಳು. ಹಸ್ತಪತ್ರಿಕೆಯಲ್ಲಿ 3,000 ಪೌಂಡ್ ಇದ್ದ ಟ್ರೇಲರು ಅಂಗಳ ಬಿಡುವಷ್ಟರಲ್ಲಿ 4,000ದ ಸಮೀಪಕ್ಕೆ ಬಂದಿದ್ದರೆ ಆಶ್ಚರ್ಯವಿಲ್ಲ. ಆದಕಾರಣ ನೋಡತಕ್ಕದ್ದು ಟ್ರೇಲರಿನ ಮೈಗೇ ಅಂಟಿಸಿರುವ ಚೀಟಿಯಲ್ಲಿನ ‘ಗ್ರಾಸ್ ವೆಯ್ಟ್’ ಅನ್ನು, ಎಂದರೆ ಎಲ್ಲವನ್ನೂ ತುಂಬಿದಾಗ ಮೀರಬಾರದ ತೂಕವನ್ನು.

ಇದಕ್ಕಿಂತಲೂ ಮುಖ್ಯವಾದ ಚೀಟಿ ಇನ್ನೊಂದುಂಟು; ಅದು ಇರುವುದು ಟ್ರೇಲರಿನಲ್ಲಲ್ಲ, ಈಗಾಗಲೇ ಮನೆಯ ಮುಂದೆ ನಿಂತಿರುವ ಕಾರಿನಲ್ಲಿ. ಹೋಂಡಾ ಒಡಿಸ್ಸಿಯಂಥ ಮಿನಿವ್ಯಾನು 3,500 ಪೌಂಡನ್ನು, ಟೊಯೊಟಾ ಹೈಲ್ಯಾಂಡರಿನ ಪೆಟ್ರೋಲ್ ಮಾದರಿ 5,000 ಪೌಂಡನ್ನು ಎಳೆಯಬಲ್ಲುದೆಂದು ತಯಾರಕರು ಹೇಳುತ್ತಾರೆ. ಜನರು ಈ ಒಂದು ಅಂಕಿಯನ್ನೇ ಬಾಯಿಪಾಠ ಮಾಡಿಕೊಂಡು ಅಂಗಡಿಗೆ ಹೊರಡುತ್ತಾರೆ. ಆದರೆ ಚಾಲಕನ ಬಾಗಿಲನ್ನು ತೆರೆದರೆ ಅದರ ಚೌಕಟ್ಟಿನ ಮೇಲೆ, ಜನರೂ ಸಾಮಾನೂ ಸೇರಿ ಇಷ್ಟು ಪೌಂಡನ್ನು ಮೀರಕೂಡದೆಂಬ ಚೀಟಿಯೊಂದು ಕಾಣುತ್ತದೆ. ಟ್ರೇಲರಿನ ಮೂತಿ ಕಾರಿನ ಹಿಂಬದಿಯ ಕೊಕ್ಕೆಯ ಮೇಲೆ ಕೂತು ಅದುಮುವ ಭಾರವೂ ಈ ಮಿತಿಯೊಳಗೇ ಅಡಗಬೇಕು.

ಉದಾಹರಣೆಗೆ, ಎಳೆಯುವ ಶಕ್ತಿ 5,000 ಪೌಂಡ್ ಇರುವ ಕಾರೊಂದರ ಬಾಗಿಲಿನ ಚೀಟಿ 1,300 ಪೌಂಡ್ ಎನ್ನುತ್ತದೆಂದು ಇಟ್ಟುಕೊಳ್ಳೋಣ. ತಂದೆತಾಯಿ, ಇಬ್ಬರು ಮಕ್ಕಳು ಸೇರಿ 450, ಕಾರಿನೊಳಗಣ ಸಾಮಾನು 200, ಕೊಕ್ಕೆಯ ಕಬ್ಬಿಣ 70, ಉಳಿದದ್ದು 580. ಮೂತಿಯ ಭಾರವು ಒಟ್ಟು ತೂಕದ ನೂರಕ್ಕೆ ಹನ್ನೆರಡರಷ್ಟೆಂದು ಹಿಡಿದರೆ 4,800 ಪೌಂಡಿನವರೆಗಿನ ಟ್ರೇಲರಿಗೆ ಈ ಕಾರು ಸಾಲುತ್ತದೆ. ಇನ್ನು ಮೈಸೂರಿನಿಂದ ಅಜ್ಜ ಅಜ್ಜಿ ಬಂದರೆನ್ನಿ, ಹಿಂದಿನ ಸೀಟಿನಲ್ಲಿ 280 ಪೌಂಡ್ ಹೆಚ್ಚಿತು; ಕೊಕ್ಕೆಗೆ ಉಳಿದದ್ದು 300 ಮಾತ್ರ, ಎಳೆಯಬಹುದಾದ ಟ್ರೇಲರು 2,500 ಪೌಂಡಿಗೆ ಇಳಿಯಿತು. ಎಂಜಿನ್ನಿನ ಬಲ ಎಳ್ಳಷ್ಟೂ ಕುಂದಲಿಲ್ಲ, ಹಿರಿಯರು ಮಾಡಿದ ತಪ್ಪೂ ಇಲ್ಲ. ಆದರೆ ಆರು ಜನ ಮಲಗಬಲ್ಲ ಟ್ರೇಲರು ಬೇಕಾದ ದಿನವೇ ಅದನ್ನು ಎಳೆಯುವ ಯೋಗ್ಯತೆ ಕಾರಿಗೆ ಇಲ್ಲದಾಯಿತು. ಮಾರಾಟಗಾರರು ಈ ಲೆಕ್ಕವನ್ನು ತಾವಾಗಿ ಎತ್ತುವುದು ಅಪರೂಪ. ಕಾಗದ ಪೆನ್ಸಿಲು ಹಿಡಿದು ಮನೆಯಲ್ಲಿಯೇ ಮಾಡಿಕೊಂಡು ಹೋಗುವುದು ಲೇಸು.

ಹಾಗಾದರೆ ಮೂತಿಯ ಭಾರವನ್ನೇ ಕಡಿಮೆ ಮಾಡಿಬಿಟ್ಟರಾಯಿತಲ್ಲವೆ ಎಂದು ಕೇಳುವವರಿಗೆ ನಮ್ಮ ಹಳ್ಳಿಯ ಗಾಡಿ ಹೊಡೆಯುವವನೇ ಉತ್ತರ ಕೊಟ್ಟಾನು: ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರೇಲರಿನಲ್ಲಿ ಹಿಂಭಾರದ ಫಲ ಇನ್ನೂ ಭೀಕರ. ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಮೂತಿಯ ಮೇಲೆ ಇಲ್ಲದೆ ಹೋದರೆ, ವೇಗವೇರಿದಾಗ, ಅಥವಾ ಪಕ್ಕದಲ್ಲಿ ದೊಡ್ಡ ಟ್ರಕ್ಕೊಂದು ಗಾಳಿಯನ್ನು ಸೀಳಿಕೊಂಡು ಹಾದಾಗ, ಟ್ರೇಲರು ಎಡಕ್ಕೂ ಬಲಕ್ಕೂ ತೊನೆಯಲಾರಂಭಿಸಿ, ಆ ತೊನೆತ ಕ್ಷಣಕ್ಷಣಕ್ಕೆ ಬಲಿತು ಕಾರನ್ನೇ ರಸ್ತೆಯಿಂದಾಚೆಗೆ ಎಳೆದುಬಿಡಬಹುದು. ಭಾರವಾದ ಸಾಮಾನನ್ನು ಅಚ್ಚಿನ ಮುಂದೆ, ನೆಲಕ್ಕೆ ಹತ್ತಿರವಾಗಿ ಇಡಬೇಕೆಂಬ ನಿಯಮ ಬಂದದ್ದು ಇದರಿಂದಲೇ. ಟ್ರೇಲರಿಗೆ ತನ್ನದೇ ಆದ ಬ್ರೇಕು, ಅದನ್ನು ನಡೆಸುವ ಕಂಟ್ರೋಲರು ಕಾರಿನಲ್ಲಿ, ಇವೆರಡೂ ಇರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಮೈಯ ವಿಚಾರಕ್ಕೆ ಬಂದರೆ, ಟ್ರೇಲರುಗಳನ್ನು ಹೆಚ್ಚಾಗಿ ಹಾಳುಗೆಡಹುವುದು ಮಳೆಯ ನೀರು. ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದವು ಅಗ್ಗ, ದುರಸ್ತಿಗೂ ಸುಲಭ. ಆದರೆ ಒಳಗೆ ನೀರಿಳಿದರೆ ಮರ ಸದ್ದಿಲ್ಲದೆ ಕೊಳೆಯುತ್ತದೆ. ಪದರಗಳನ್ನು ಅಂಟಿನಿಂದ ಒತ್ತಿ ಮಾಡಿದ ನುಣುಪು ಗೋಡೆಗಳು ಹಗುರ, ನೋಟಕ್ಕೂ ಚೆಲುವು. ತೇವ ಹೊಕ್ಕರೆ ಪದರ ಬಿಟ್ಟು ಉಬ್ಬುತ್ತವೆ. ಬೋಲರಿನ ಕುಲಕ್ಕೆ ಸೇರಿದ ಸ್ಕ್ಯಾಂಪ್, ಕಸೀಟಾಗಳಂಥವು ಫೈಬರ್‌ಗ್ಲಾಸಿನ ಎರಡೇ ಚಿಪ್ಪುಗಳ ಜೋಡಣೆಯಾದ್ದರಿಂದ ಸೋರುವ ಸಂದುಗಳು ಕಡಿಮೆ, ಹಳೆಯದಾದರೂ ಬೆಲೆ ಇಳಿಯುವುದು ನಿಧಾನ. ಇಬ್ಬರಿಗೆ ಅವು ಸೊಗಸು, ನಾಲ್ವರಿಗೆ ಇಕ್ಕಟ್ಟು. ಬಟ್ಟೆಯ ಗೋಡೆಗಳನ್ನು ಮಡಿಸಿ ಇಡುವ ಪಾಪ್‌ಅಪ್ ಟ್ರೇಲರುಗಳು ಹಗುರವೆಂಬುದು ನಿಜ. ಆದರೆ ಯೆಲ್ಲೋಸ್ಟೋನಿನ ಫಿಶಿಂಗ್ ಬ್ರಿಜ್ ಬಿಡಾರದಲ್ಲಿ ಕರಡಿಗಳ ಸಂಚಾರವಿರುವುದರಿಂದ ಗಟ್ಟಿಗೋಡೆಯ ವಾಹನಗಳಿಗಲ್ಲದೆ ಪ್ರವೇಶವಿಲ್ಲ.

ಒಳಾಂಗಣವನ್ನು ಪರೀಕ್ಷಿಸುವಾಗ, ಇಡೀ ದಿನ ಮಳೆ ಹಿಡಿದು ಎಲ್ಲರೂ ಒಳಗೇ ಕೂರಬೇಕಾದ ಸಂದರ್ಭವನ್ನು ಊಹಿಸಿಕೊಳ್ಳಬೇಕು. ಊಟದ ಮೇಜನ್ನೇ ಇಳಿಸಿ ಹಾಸಿಗೆಯಾಗಿಸುವ ಏರ್ಪಾಟು ಅಂಗಡಿಯಲ್ಲಿ ಜಾಣತನವಾಗಿ ಕಂಡರೂ, ಮಗು ಏಳುವವರೆಗೆ ಕಾಫಿಗೆ ಕೂರಲು ಸ್ಥಳವಿಲ್ಲದಾಗ ಅದರ ನಿಜವಾದ ಬೆಲೆ ತಿಳಿಯುತ್ತದೆ. ಮಕ್ಕಳಿರುವ ಮನೆಗೆ ಖಾಯಮ್ಮಾಗಿ ನಿಂತಿರುವ ಬಂಕ್ ಹಾಸಿಗೆಗಳೇ ಮೇಲು. ಗೋಡೆಯನ್ನು ಹೊರಕ್ಕೆ ಜಾರಿಸಿ ಕೋಣೆಯನ್ನು ಹಿಗ್ಗಿಸುವ ಸ್ಲೈಡ್ಔಟ್ ಆಕರ್ಷಕವಾದುದು, ಭಾರವಾದುದು, ಕೆಡುವಂಥದು. ಹಗುರವನ್ನು ಅರಸುವವರು ಅದನ್ನು ಬಿಡುವುದೇ ಒಳಿತು. ಹಿರಿಯರ ಹಾಸಿಗೆ ಗೋಡೆಗೆ ಒತ್ತಿದ್ದು, ಒಳಮಗ್ಗುಲಲ್ಲಿ ಮಲಗಿದವರು ನಡುರಾತ್ರಿ ಇನ್ನೊಬ್ಬರನ್ನು ದಾಟಿ ಶೌಚಕ್ಕೆ ಹೋಗುವಂತಿದ್ದರೆ ಪ್ರವಾಸದ ಸಂತೋಷ ಎರಡನೆಯ ರಾತ್ರಿಗೇ ಮುಗಿಯುತ್ತದೆ. ಚಾವಣಿಯ ಫ್ಯಾನು ಗಾಳಿಯನ್ನು ಹೊರಗೆಳೆಯುವ ಬಗೆಯದಾಗಿರಲಿ. ಇಂಗಿನ ಒಗ್ಗರಣೆಯ ಪರಿಮಳವು ಇಷ್ಟು ಕಿರಿದಾದ ಜಾಗದಲ್ಲಿ ಹಾಸಿಗೆಯ ಬಟ್ಟೆಯನ್ನು ಹಿಡಿದರೆ ಒಂದು ವಾರ ಬಿಡುವುದಿಲ್ಲ. ಬಲ್ಲವರು ಒಗ್ಗರಣೆಯನ್ನು ಹೊರಗೆ ಮೇಜಿನ ಮೇಲೆ ಸಣ್ಣ ಒಲೆಯಿಟ್ಟು ಹಾಕುತ್ತಾರೆ. ಓಡುತ್ತಿರುವ ಟ್ರೇಲರಿನೊಳಗೆ ಜನರು ಕೂರುವುದು ಅನೇಕ ರಾಜ್ಯಗಳಲ್ಲಿ ನಿಷಿದ್ಧ. ನಿಷೇಧವಿಲ್ಲದೆಡೆಯಲ್ಲಿಯೂ ಮಕ್ಕಳನ್ನು ಹಾಗೆ ಕೂರಿಸುವುದು ಅವಿವೇಕ.

ಮೊದಲ ಬಾರಿಗೆ ಒಂದು ವಾರ ಬಾಡಿಗೆಗೆ ತೆಗೆದುಕೊಂಡು ನೋಡಿ, ಆಮೇಲೆ ಹಳೆಯದನ್ನೇ ಕೊಳ್ಳುವುದು ನನ್ನ ಮಟ್ಟಿಗೆ ವಿವೇಕದ ದಾರಿ. ಕೊಳ್ಳುವ ದಿನ ಕಿಟಕಿಗಳ ಕೆಳಗೆ, ಮೂಲೆಗಳಲ್ಲಿ, ಬಾಗಿಲ ಬಳಿಯ ನೆಲದಲ್ಲಿ ಅಂಗೈಯಿಂದ ಗಟ್ಟಿಯಾಗಿ ಒತ್ತಿ ನೋಡಬೇಕು. ಮೆತ್ತಗೆ ಕುಸಿದರೆ ಒಳಗೆ ನೀರು ಕೂತಿದೆಯೆಂದು ತಿಳಿದು ಮುಂದಕ್ಕೆ ನಡೆಯಬೇಕು. ತರುವಾಯ ಟೈರಿನ ಪಕ್ಕಕ್ಕೆ ಬಗ್ಗಿ, ಡಿಓಟಿ ಎಂಬ ಅಕ್ಷರಗಳಿಂದ ಮೊದಲಾಗುವ ಗುರುತಿನ ಕೊನೆಯ ನಾಲ್ಕು ಅಂಕಿಗಳನ್ನು ಓದಬೇಕು: 2317 ಎಂದಿದ್ದರೆ ಆ ಟೈರು 2017ರ 23ನೆಯ ವಾರದಲ್ಲಿ ತಯಾರಾದದ್ದು. ಅಂಗಳದಲ್ಲಿ ನಿಂತೇ ಮುದಿಯಾದ ಟೈರು ಸವೆಯದೆ ಹೊಸದರಂತೆ ಕಾಣುವುದರಿಂದ, ಮಾರುವವನು ಎಷ್ಟೇ ಹೊಗಳಲಿ, ಹೊಸ ಟೈರುಗಳ ಬೆಲೆಯನ್ನು ಕಳೆದೇ ಮಾತನಾಡಬೇಕು.