ಗೋಧಿ ಬಿಟ್ಟ ಮಕ್ಕಳು

ಸೀಲಿಯಾಕ್ ಕಾಯಿಲೆಗೆ ಇವತ್ತಿಗೂ ಮಾತ್ರೆಯಿಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನನ್ನು ಜೀವಮಾನವಿಡೀ ಬಿಡುವುದೊಂದೇ ಚಿಕಿತ್ಸೆ. ಈ ಕಾಯಿಲೆಯಿರುವ ಮಗು ಚಪಾತಿ ತಿಂದರೆ ಗ್ಲುಟೆನ್ ಪೂರ್ತಿ ಜೀರ್ಣವಾಗದೆ ಉಳಿದ ತುಣುಕುಗಳನ್ನು ಮಗುವಿನದೇ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ಬಗೆದು, ಸಣ್ಣಕರುಳಿನ ಒಳಗೋಡೆಯನ್ನೇ ಕೆಡಿಸುತ್ತದೆ. ಆಹಾರದ ಸಾರ ಹೀರುವ ಬೆರಳಿನಾಕಾರದ ಸೂಕ್ಷ್ಮ ಎಳೆಗಳು ಅಲ್ಲಿ ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಕೈಕಾಲು ಬಡವಾಗುತ್ತವೆ, ಭೇದಿ ಬಿಡುವುದಿಲ್ಲ, ಕಬ್ಬಿಣದ ಟಾನಿಕ್ ಎಷ್ಟು ಕುಡಿಸಿದರೂ ರಕ್ತಹೀನತೆ ಹೋಗುವುದಿಲ್ಲ, ಓರಗೆಯ ಮಕ್ಕಳ ನಡುವೆ ಮಗು ಕುಳ್ಳಗೆ ಉಳಿಯುತ್ತದೆ.

ಇಷ್ಟನ್ನು ತಿಳಿಯಲು ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಹಿಡಿಯಿತು. ಪರೀಕ್ಷೆಯ ಉಪಕರಣಗಳಿರಲಿಲ್ಲ ಎನ್ನುವುದು ಅದಕ್ಕೆ ಒಂದು ಕಾರಣ ಮಾತ್ರ. ಮಗುವಿಗೆ ಏನು ಕೊಟ್ಟರೆ ಗುಣವಾದೀತು ಎಂದು ವೈದ್ಯರು ಹುಡುಕುತ್ತಲೇ ಹೋದರು. ಅದನ್ನು ಕೊಡುವ ಭರದಲ್ಲಿ ತಟ್ಟೆಯಿಂದ ಯಾವುದು ಹೊರಗೆ ಹೋಯಿತು ಎಂದು ಯಾರೂ ಗಮನಿಸಲಿಲ್ಲ.

ಹೊಟ್ಟೆಯ ಇಂಥ ಒಂದು ಬೇನೆಯನ್ನು ಪ್ರಾಚೀನ ಗ್ರೀಕ್ ವೈದ್ಯ ಅರೆಟಿಯಸ್ ಬರೆದಿಟ್ಟಿದ್ದ. ಆಧುನಿಕ ಕಾಲದ ಮೊದಲ ಸ್ಪಷ್ಟ ವಿವರಣೆ ಲಂಡನ್ನಿನದು. ಅಲ್ಲಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಗೀ 1887ರಲ್ಲಿ ಒಂದು ಉಪನ್ಯಾಸ ಕೊಟ್ಟರು. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ಕಾಯಿಲೆ ವಾಸಿಯಾಗುವುದೇ ಆದರೆ ಪಥ್ಯದಿಂದಲೇ ಆಗಬೇಕು ಎಂದು ಅವರು ಹೇಳಿದರು. ಆ ಮಾತು ಇಂದಿಗೂ ನಿಂತಿದೆ. ಪಥ್ಯ ಯಾವುದೆಂಬುದು ಮಾತ್ರ ಅವರಿಗೆ ಕೈಗೆ ಸಿಗಲಿಲ್ಲ. ಅಕ್ಕಿ, ಸಾಬುದಾನ, ಕಾರ್ನ್‌ಫ್ಲೋರ್ ಬೇಡವೆಂದರು. ತೆಳುವಾಗಿ ಸುಟ್ಟ ಬ್ರೆಡ್ಡಿಗೆ ಒಪ್ಪಿಗೆ ಕೊಟ್ಟರು. ಇಂದು ಕಣ್ಣುಮುಚ್ಚಿ ತಿನ್ನಬಹುದಾದದ್ದಕ್ಕೆ ಅಂದು ನಿಷೇಧ, ಮುಟ್ಟಲೇಬಾರದ್ದಕ್ಕೆ ಪರವಾನಗಿ! ದಿನಕ್ಕೆ ಒಂದು ಲೀಟರಿಗೂ ಮೇಲ್ಪಟ್ಟು ಡಚ್ ಮಳಿ, ಅಂದರೆ ಒಂದು ಬಗೆಯ ಚಿಪ್ಪುಮೀನು, ತಿನ್ನಿಸಿದ ಮಗುವೊಂದು ಚೆನ್ನಾಗಿ ಚೇತರಿಸಿಕೊಂಡದ್ದನ್ನೂ ಅವರು ದಾಖಲಿಸಿದ್ದಾರೆ. ಮಳಿಯ ಕಾಲ ಮುಗಿಯುತ್ತಲೇ ಕಾಯಿಲೆ ಮರುಕಳಿಸಿತು. ಮರುವರ್ಷ ಮಗು ಅದಕ್ಕೆ ಬಾಯಿಯನ್ನೇ ತೆರೆಯಲಿಲ್ಲ. ಹೊಟ್ಟೆ ತುಂಬ ಮಳಿ ತಿಂದ ಮಗುವಿಗೆ ಬ್ರೆಡ್ಡಿಗೆ ಜಾಗವಿರಲಿಲ್ಲ ಎಂಬ ಊಹೆ ಈಗ ಸುಲಭ.

ಇದೇ ತಪ್ಪು ನ್ಯೂಯಾರ್ಕಿನಲ್ಲಿ ಇನ್ನೂ ದೊಡ್ಡದಾಗಿ ನಡೆಯಿತು. ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯರು 1924ರಲ್ಲಿ ಬಾಳೆಹಣ್ಣಿನ ಚಿಕಿತ್ಸೆಯನ್ನು ಪ್ರಕಟಿಸಿದರು. ದಿನಕ್ಕೆ ನಾಲ್ಕರಿಂದ ಎಂಟು ಬಾಳೆಹಣ್ಣು, ಜೊತೆಗೆ ಗಿಣ್ಣು, ಮಾಂಸ, ತರಕಾರಿ. ಬ್ರೆಡ್, ಬಿಸ್ಕತ್ತು, ಆಲೂಗಡ್ಡೆ, ಧಾನ್ಯ ಯಾವುದೂ ಕೂಡದು. ಸಾವಿನಂಚಿನ ಮಕ್ಕಳು ಎದ್ದು ಓಡಾಡತೊಡಗಿದ್ದರಿಂದ ಈ ಪಥ್ಯ ದಶಕಗಳ ಕಾಲ ಚಲಾವಣೆಯಲ್ಲಿತ್ತು. ಅದು ಎಷ್ಟೋ ಜೀವ ಉಳಿಸಿತು, ನಿಜ. ಆದರೆ ಬಾಳೆಹಣ್ಣಿನಲ್ಲೇ ಔಷಧಿಯಿದೆ ಎಂದು ನಂಬಿದ್ದರಿಂದ, ಗುಣವಾದ ಮಗು ಮತ್ತೆ ಗೋಧಿ ತಿನ್ನಬಹುದೆಂದೂ ನಂಬಲಾಯಿತು. ಕೀರ್ತಿಯೆಲ್ಲ ಹಣ್ಣಿಗೆ ಹೋಯಿತು, ಕಾಯಿಲೆ ತಂದ ಗೋಧಿ ಸದ್ದಿಲ್ಲದೆ ತಟ್ಟೆಗೆ ಮರಳಿತು.

ದಿಕ್ಕು ಬದಲಿಸಿದವರು ನೆದರ್‌ಲೆಂಡ್ಸಿನ ವಿಲೆಮ್ ಕರೆಲ್ ಡಿಕ. 1936ರಲ್ಲಿ ಅವರು ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ನಿರ್ದೇಶಕರಾದಾಗ ವಯಸ್ಸು ಸುಮಾರು ಮೂವತ್ತೊಂದು. ಬ್ರೆಡ್ ನಿಲ್ಲಿಸಿದಾಗ ಮಗು ಸುಧಾರಿಸಿತೆಂದು ತಾಯಿಯೊಬ್ಬರು ಆಡಿದ ಮಾತು ಅವರ ಕಿವಿಗೆ ಬಿದ್ದು, ಅದೇ ಯೋಚನೆಗೆ ಬೀಜವಾಯಿತು ಎನ್ನುತ್ತಾರೆ. ಮೂವತ್ತರ ದಶಕದಲ್ಲೇ ಅವರು ಗೋಧಿಯಿಲ್ಲದ ಪಥ್ಯವನ್ನು ಪರೀಕ್ಷಿಸತೊಡಗಿದ್ದರು. 1941ರಲ್ಲಿ ಡಚ್ ಭಾಷೆಯಲ್ಲಿ ಆ ಸರಳ ಪಥ್ಯದ ಬಗ್ಗೆ ಬರೆದೂ ಇದ್ದರು.

ಜನಪ್ರಿಯ ಕಥೆ ಮಾತ್ರ ಎಲ್ಲ ಶ್ರೇಯವನ್ನೂ 1944-45ರ ಬರಗಾಲದ ಚಳಿಗಾಲಕ್ಕೆ ಕೊಡುತ್ತದೆ. ಜರ್ಮನ್ ಸೇನೆ ಆಹಾರ ಸಾಗಣೆ ತಡೆದಿತ್ತು. ಪಶ್ಚಿಮದ ನಗರಗಳಲ್ಲಿ ಜನ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು, ಸಾವಿರಾರು ಮಂದಿ ಸತ್ತರು. ಊರಿಗೆ ಊರೇ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಬ್ರೆಡ್ಡಿಲ್ಲದೆ ಚೇತರಿಸಿಕೊಂಡರು, ಬ್ರೆಡ್ ಮರಳಿ ಬಂದಾಗ ಮತ್ತೆ ಮಲಗಿದರು. ಡಿಕ ಅವರು ಮೊದಲೇ ಗುಮಾನಿ ಪಟ್ಟಿದ್ದ ವಿಷಯಕ್ಕೆ ಆ ಚಳಿಗಾಲ ಸಾಕ್ಷಿ ಹೇಳಿತು ಎಂದರೆ ಸರಿಯಾದೀತು. ವರ್ಷಗಟ್ಟಲೆ ಮಕ್ಕಳ ತೂಕ, ಎತ್ತರ ಬರೆದಿಟ್ಟ ದುಡಿಮೆಯನ್ನು ಬರಗಾಲದ ಕಥೆ ಮರೆಸಿಬಿಡುತ್ತದೆ.

ಯುದ್ಧ ಮುಗಿದ ಮೇಲೆ ರಸಾಯನಶಾಸ್ತ್ರಜ್ಞ ವಾನ್ ಡೆ ಕಾಮರ್ ಮತ್ತು ವೈದ್ಯ ವೆಯರ್ಸ್ ಅವರ ಜೊತೆ ಸೇರಿ ಡಿಕ ಇದನ್ನು ಅಳತೆಗೆ ಒಳಪಡಿಸಿದರು. ಆಹಾರದ ಕೊಬ್ಬು ಎಷ್ಟು ಹೀರಲ್ಪಡದೆ ಮಲದಲ್ಲಿ ಹೊರಹೋಗುತ್ತದೆ ಎಂಬುದೇ ಆ ಅಳತೆಗೋಲು. ಗೋಧಿ ಹಿಟ್ಟು ಕೊಟ್ಟಾಗ ಕೊಬ್ಬು ಹೆಚ್ಚು ಸೋರಿಹೋಯಿತು. ಗೋಧಿಯ ಪಿಷ್ಟವನ್ನಷ್ಟೇ ಕೊಟ್ಟಾಗ ಹಾಗಾಗಲಿಲ್ಲ. ಹಾಗಾದರೆ ದೋಷ ಪಿಷ್ಟದ್ದಲ್ಲ, ಗ್ಲುಟೆನ್‌ನದು. 1950ರಲ್ಲಿ ಊಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಡಿಕ ಅವರ ಪ್ರಬಂಧ ಸಲ್ಲಿಕೆಯಾಯಿತು. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ತಂಡವೊಂದು ಗೋಧಿಯ ದೋಷವನ್ನು ದೃಢಪಡಿಸಿತು. ಉಳಿದದ್ದು ಬೇಗ ಬೇಗ ನಡೆಯಿತು: ಐವತ್ತರ ದಶಕದಲ್ಲೇ ಬಾಯಿಯ ಮೂಲಕ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡುವುದು ಸಾಧ್ಯವಾಗಿ, ಚಪ್ಪಟೆಯಾದ ಎಳೆಗಳು ಕಣ್ಣಿಗೆ ಬಿದ್ದವು. ರೋಗನಿರೋಧಕ ವ್ಯವಸ್ಥೆ ಗುರಿಮಾಡುವ ದೇಹದ ಕಿಣ್ವ ಯಾವುದೆಂದು 1997ರಲ್ಲಿ ಜರ್ಮನ್ ಸಂಶೋಧಕರು ಗುರುತಿಸಿದರು. ಇಂದಿನ ಟಿಟಿಜಿ ರಕ್ತಪರೀಕ್ಷೆಗೆ ಅದೇ ಆಧಾರ.

ಬಿಡಬೇಕಾದ್ದು ಯಾವುದೆಂದು ತಿಳಿದ ಮೇಲೆ ಅದನ್ನು ಬಿಟ್ಟು ಬದುಕುವುದು ಹೇಗೆಂಬ ಪ್ರಶ್ನೆ ಅಡುಗೆಮನೆಗೆ ಬಂತು. ಬ್ರಿಟನ್ನಿನಲ್ಲಿ 1968ರಲ್ಲಿ ಸೀಲಿಯಾಕ್ ಸೊಸೈಟಿ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕಟ್ಟಿದ ಪೀಟರ್ ಬೆನೆನ್ಸನ್. ಅವರಿಗೂ ಈ ಕಾಯಿಲೆಯಿತ್ತು. ಆಗ ಸಿಗುತ್ತಿದ್ದ ಬ್ರೆಡ್ಡು ಗ್ಲುಟೆನ್ ತೊಳೆದುಹಾಕಿದ ಗೋಧಿ ಪಿಷ್ಟದ್ದು, ಡಬ್ಬಿಯಲ್ಲಿ ಬರುವಂಥದ್ದು, ರುಚಿಗೆ ಹೆಸರಾದದ್ದಲ್ಲ. ನಾದಿದ ಹಿಟ್ಟಿನಲ್ಲಿ ಗ್ಲುಟೆನ್ ಹಿಗ್ಗುವ ಜಾಲ ಹೆಣೆಯುತ್ತದೆ, ಯೀಸ್ಟ್ ಬಿಡುವ ಗಾಳಿ ಅದರೊಳಗೆ ಸಿಕ್ಕಿ ಬ್ರೆಡ್ ಉಬ್ಬುತ್ತದೆ. ಜಾಲವಿಲ್ಲದಿದ್ದರೆ ಗಾಳಿ ಹಾರಿಹೋಗಿ ಬ್ರೆಡ್ ಇಟ್ಟಿಗೆಯಾಗುತ್ತದೆ. ಇದಕ್ಕೆ ಪರಿಹಾರ ಬಂದದ್ದು ಎಲೆಕೋಸಿಗೆ ಕೊಳೆರೋಗ ತರುವ ಬ್ಯಾಕ್ಟೀರಿಯಾದಿಂದ ಎಂದರೆ ಅಚ್ಚರಿಯಾದೀತು. ಅದು ತಯಾರಿಸುವ ಝಾಂಥನ್ ಗಮ್ ಎಂಬ ಅಂಟನ್ನು ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯ ಬೆಳಕಿಗೆ ತಂದಿತು. 1969ರಲ್ಲಿ ಅಲ್ಲಿ ಅದನ್ನು ಆಹಾರದಲ್ಲಿ ಬಳಸಲು ಅನುಮತಿ ಸಿಕ್ಕಿತು. ಅಕ್ಕಿ ಹಿಟ್ಟು, ಆಲೂಗಡ್ಡೆ ಪಿಷ್ಟ, ಮರಗೆಣಸಿನ ಪಿಷ್ಟಕ್ಕೆ ಈ ಅಂಟನ್ನು ಚಿಟಿಕೆಯಷ್ಟು ಸೇರಿಸಿ ಬೇಯಿಸುವ ವಿಧಾನವನ್ನು ಬೆಟ್ಟಿ ಹ್ಯಾಗ್ಮನ್ ಅವರ 1990ರ ಪುಸ್ತಕ ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಈಗ ಇಸಬ್‌ಗೋಲ್ ಹೊಟ್ಟೂ ಅದೇ ಕೆಲಸ ಮಾಡುತ್ತದೆ.

ಹುಟ್ಟುಹಬ್ಬದ ಕೇಕು ಈ ಲೆಕ್ಕದಲ್ಲಿ ಸುಲಭ. ಕೇಕಿಗೆ ಗ್ಲುಟೆನ್ ಅಷ್ಟಾಗಿ ಬೇಡ. ಮೊಟ್ಟೆ, ಬೆಣ್ಣೆ, ಬೇಕಿಂಗ್ ಪೌಡರ್ ಭಾರ ಹೊರುತ್ತವೆ, ರಾಗಿ ಹಿಟ್ಟು ಧಾರಾಳವಾಗಿ ಒಗ್ಗುತ್ತದೆ. ಬ್ರೆಡ್ಡೇ ಕಷ್ಟ. ಅದರ ಹಿಟ್ಟನ್ನು ನಾದುವಂತಿಲ್ಲ, ದೋಸೆಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ ಅಚ್ಚಿಗೆ ಸುರಿಯಬೇಕು, ಪೂರ್ತಿ ಆರುವ ತನಕ ಕತ್ತರಿಸಬಾರದು. ಅಷ್ಟಾದರೂ ಮರುದಿನಕ್ಕೇ ಒಣಗಿ ಪುಡಿಯಾಗುತ್ತದೆ.

ಕರ್ನಾಟಕದ ಅಡುಗೆಮನೆಗೆ ಈ ಕಸರತ್ತು ಅಷ್ಟು ಅನಿವಾರ್ಯವಲ್ಲ. ಇಡ್ಲಿಹಿಟ್ಟಿನ ಗಾಳಿಯನ್ನು ಉದ್ದಿನ ಲೋಳೆ ಹಿಡಿದಿಡುತ್ತದೆ. ಅಕ್ಕಿರೊಟ್ಟಿ, ಜೋಳದ ರೊಟ್ಟಿಯ ಹಿಟ್ಟಿಗೆ ಕುದಿನೀರು ಜಿಗಿ ಕೊಡುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದು ಬೆಳವಣಿಗೆ ಕುಂಠಿತವಾದ ಮಗುವಿಗೆ ಲಾಭವೇ. ಕಾಯಿಲೆಯೂ ಇಲ್ಲಿ ಕಡಿಮೆ. ದೆಹಲಿಯ ಸುತ್ತಮುತ್ತ ನಡೆದ ಸಮೀಕ್ಷೆಯಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಕಂಡದ್ದು ದಕ್ಷಿಣದಲ್ಲಿ ತೀರ ವಿರಳ. ಇದಕ್ಕೆ ಬೇಕಾದ ವಂಶವಾಹಿ ಎರಡೂ ಕಡೆ ಹೆಚ್ಚುಕಡಿಮೆ ಸಮಾನವಾಗಿದ್ದರೂ ತಿನ್ನುವ ಗೋಧಿಯ ಪ್ರಮಾಣ ಬೇರೆ ಬೇರೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಊಟದ ರೂಢಿ ಬದಲಾಗಿ ಚಪಾತಿ, ಬ್ರೆಡ್, ನೂಡಲ್ಸ್ ಹೆಚ್ಚಿದಂತೆ ಈ ಅಂತರ ಹೀಗೇ ಉಳಿಯುತ್ತದೆ ಎಂದುಕೊಳ್ಳಲಾಗದು.

ಇಲ್ಲಿನ ತೊಂದರೆ ಕಣ್ಣಿಗೆ ಬೀಳದ ಗೋಧಿಯದು. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಶಾವಿಗೆ, ಒಬ್ಬಟ್ಟಿನ ಕಣಕ, ಪೂಜೆಯ ಸಜ್ಜಿಗೆ ಪ್ರಸಾದ ಎಲ್ಲವೂ ಗೋಧಿಯವೇ. ಎರಡನೇ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಬೆಂಗಳೂರಿನ ಎಂಟಿಆರ್‌ನಲ್ಲಿ ಹುಟ್ಟಿತೆನ್ನುವ ರವೆ ಇಡ್ಲಿಯನ್ನೂ ಈ ಮಕ್ಕಳು ಮುಟ್ಟುವಂತಿಲ್ಲ. ಅಂಗಡಿಯ ಇಂಗಿಗೆ ಅನೇಕ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ, ಸೋಯಾ ಸಾಸಿನಲ್ಲಿ ಗೋಧಿ, ಹಾಲಿಗೆ ಬೆರೆಸುವ ಹಲವು ಮಾಲ್ಟ್ ಪುಡಿಗಳಲ್ಲಿ ಬಾರ್ಲಿ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿದರೂ ಕೆಟ್ಟಿತು. ಹಿಟ್ಟಿನ ಗಿರಣಿ ಇನ್ನೂ ಅಪಾಯ: ಗೋಧಿ ಬೀಸಿದ ಬೆನ್ನಿಗೇ ರಾಗಿ ಸುರಿದರೆ ಅದು ಈ ಮಗುವಿನ ರಾಗಿಯಾಗಿ ಉಳಿಯುವುದಿಲ್ಲ. ಗ್ಲುಟೆನ್‌ರಹಿತ ಎಂದು ಬರೆಯಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ, ಭಾರತದ್ದೂ ಅಷ್ಟೇ. ಮಗುವಿಗೆ ಬೇಕಾದ ಧಾನ್ಯವನ್ನು ಆರಿಸಿ, ತೊಳೆದು ಒಣಗಿಸಿ ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು ಕ್ಷೇಮ.

ಹೆತ್ತವರು ಅವಸರ ಮಾಡಬಾರದ ಸಂಗತಿಯೊಂದಿದೆ. ಕಾಯಿಲೆಯ ಸಂಶಯ ಬಂದ ಕೂಡಲೇ ಗೋಧಿ ನಿಲ್ಲಿಸಿಬಿಟ್ಟರೆ ರಕ್ತದಲ್ಲಿ ಅದರ ಗುರುತು ಅಳಿಯುತ್ತ ಹೋಗಿ, ಕರುಳು ಕೂಡಿಕೊಂಡು, ಪರೀಕ್ಷೆ ಸುಳ್ಳು ಹೇಳುತ್ತದೆ. ಮಗು ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ ಪರೀಕ್ಷೆ ಮಾಡಿಸಿ. ಕಾಯಿಲೆ ಖಚಿತವಾದರೆ ಒಡಹುಟ್ಟಿದವರಿಗೂ ತಂದೆತಾಯಿಗೂ ಅದೇ ಪರೀಕ್ಷೆ ಆಗಲಿ.